ಮುನ್ನೂರ ಹನ್ನೆರಡು ಅರ್ಜಿಗಳು

ನಗರಸಭೆಯ ಗೇಟಿನ ಪಕ್ಕದ ಮರದ ಕೆಳಗೆ ಮೂವತ್ತೆಂಟು ವರ್ಷ ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದವರನ್ನು ಊರೆಲ್ಲ ಅರ್ಜಿ ಮಾವ ಎಂದೇ ಕರೆಯುತ್ತಿತ್ತು. ಈಗ ಅವರಿಗೆ ಕಣ್ಣು ಮಂಜು, ಬೆರಳು ಸೆಟೆತ, ದಿನವಿಡೀ ಮನೆಯ ವರಾಂಡವೇ ಗತಿ. ಆ ಮಧ್ಯಾಹ್ನ ಬಡಾವಣೆ ಸಂಘದ ಕಾರ್ಯದರ್ಶಿ ಒಂದು ಪಟ್ಟಿ ಹಿಡಿದು ಬಂದಾಗ ಮಾವ ಹಳೆಯ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಆಸ್ಪತ್ರೆ ಮುಂದಿನ ಬಸ್ ನಿಲ್ದಾಣ ತೆಗೆದು ದೊಡ್ಡ ರಸ್ತೆ ಆಚೆ ಹಾಕ್ತಾರಂತೆ ಮಾವ. ಆಕ್ಷೇಪಣೆಗೆ ಶನಿವಾರ ಕೊನೆ ದಿನ. ಜನ ಎಲ್ಲಿ ಬರೀತಾರೆ? ವಾಟ್ಸಾಪಲ್ಲಿ ಹೆಬ್ಬೆರಳು ತೋರ್ಸಿ ಕೈ ತೊಳ್ಕೋತಾರೆ. ಈ ಹೆಸರುಗಳನ್ನ ಎಐಗೆ ಕೊಟ್ರೆ ಒಬ್ಬೊಬ್ಬರದೂ ಬೇರೆ ಬೇರೆ ಥರ ಬರ್ಕೊಡುತ್ತೆ."

"ಅವರನ್ನ ಕೇಳೋದು ಬೇಡ್ವೇನಪ್ಪಾ?"

"ಕೇಳಿದ್ರೆ ಯಾರು ಬೇಡ ಅಂತಾರೆ? ಒಳ್ಳೆ ಕೆಲಸಕ್ಕೆ ತಾನೆ!"

ಹಿಂದೆ ಒಂದು ಅರ್ಜಿ ಎಂದರೆ ಅರ್ಧ ದಿನದ ಕೆಲಸ. ಬಂದವರು ಮೊದಲು ಸ್ಟೂಲಿನ ಮೇಲೆ ಕೂತು ಬೈಯಬೇಕಾದವರನ್ನೆಲ್ಲ ಬೈದು ಮುಗಿಸಬೇಕು. ಆಮೇಲೆ ಮಾವ "ಸರಿ, ಈಗ ನಿಜ ಹೇಳಿ" ಎನ್ನುತ್ತಿದ್ದರು. ತಿಂಗಳಿಂದ ನಲ್ಲಿಯಲ್ಲಿ ನೀರಿಲ್ಲ ಎಂದವರು ಹನ್ನೊಂದು ದಿನಕ್ಕೆ ಇಳಿಯುತ್ತಿದ್ದರು. ಮಾವ ಹನ್ನೊಂದೆಂದೇ ಟೈಪ್ ಮಾಡುತ್ತಿದ್ದರು. ಬುತ್ತಿ ತಂದ ಹೆಂಡತಿ ಅದನ್ನು ಗಟ್ಟಿಯಾಗಿ ಓದಿ ಹೇಳಿ, ಬಂದವರು ಹೌದೆಂದ ಮೇಲೆಯೇ ಸಹಿಗೆ ಪೆನ್ನು ಕೊಡುತ್ತಿದ್ದಳು. ಎದುರು ಬದುರು ಪಕ್ಷದವರು ಒಂದೇ ಬೆಂಚಿನಲ್ಲಿ ಸರದಿ ಕಾಯುತ್ತ, ಜಗಳವಾಡುತ್ತ, ಒಂದೇ ಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಿದ್ದರು. ಮರದ ಕೆಳಗಿಂದ ಬಂದ ಕಾಗದವೆಂದರೆ ಒಳಗಿನ ಅಧಿಕಾರಿಗಳು ಓದದೆ ಬಿಡುತ್ತಿರಲಿಲ್ಲ.

ಆರು ವರ್ಷ ಮೂಲೆ ಹಿಡಿದವರಿಗೆ ಮತ್ತೆ ಕೆಲಸ ಸಿಕ್ಕರೆ ಕೈ ತುರಿಸದೆ ಇರುತ್ತದೆಯೇ? ಕಾರ್ಯದರ್ಶಿ ಪಕ್ಕದಲ್ಲೇ ಕೂತು ಹೇಳಿಕೊಟ್ಟರು, ಮಾವ ಮೊಬೈಲಿನಲ್ಲಿ ಒತ್ತಿದರು. ಚಹಾ ಆರುವಷ್ಟರಲ್ಲಿ ಮುನ್ನೂರ ಹನ್ನೆರಡು ಅರ್ಜಿ ಸಿದ್ಧ! ನಾಲ್ಕು ಓದಿ ಭೇಷ್ ಎಂದರು. ಉಳಿದದ್ದಕ್ಕೆ ಕಣ್ಣು ಸಹಕರಿಸಲಿಲ್ಲ, ಹಾಗೇ ಕಳಿಸಿಬಿಟ್ಟರು.

ಮಗಳು ಅದೇ ನಗರಸಭೆಯ ಟಪಾಲು ವಿಭಾಗದಲ್ಲಿ ಗುಮಾಸ್ತೆ. ಮುಂದಿನ ಮಂಗಳವಾರ ಸಂಜೆ ಮನೆಗೆ ಬಂದವಳು ಹೆಗಲ ಚೀಲವನ್ನೂ ಇಳಿಸದೆ ಅಪ್ಪನ ಮುಂದೆ ಒಂದು ಹಾಳೆ ಇಟ್ಟಳು.

"ಅಪ್ಪಾ, ಅಮ್ಮ ಅರ್ಜಿ ಕೊಟ್ಟಿದಾಳೆ."

"ಯಾವ ಅಮ್ಮ?"

"ನಮ್ಮಮ್ಮ. ಓದಿ."

ಮಾವ ಕನ್ನಡಕ ಏರಿಸಿದರು. 'ನಾನು ಪ್ರತಿದಿನ ಈ ನಿಲ್ದಾಣದಲ್ಲಿ ಇಳಿದು ಆಸ್ಪತ್ರೆಗೆ ಹೋಗುವ ವೃದ್ಧೆಯಾಗಿದ್ದು...' ಎಂದು ಶುರುವಾಗಿತ್ತು. ಕೆಳಗೆ ಹೆಂಡತಿಯ ಹೆಸರು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಾವ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಪಟ್ಟಿ ಹಳೇದು ಕಣೇ... ನಾನು ನೋಡ್ಲಿಲ್ಲ."

"ಅಮ್ಮ ಇದ್ದಿದ್ರೆ ನೋಡ್ತಿದ್ಲು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಾವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಆಫೀಸಲ್ಲಿ ಈಗ ಅರ್ಜಿ ಓದೋದೂ ಮೆಷಿನ್ನೇ ಅಪ್ಪಾ. ಎಲ್ಲಾ ಒಂದೇ ಮೊಬೈಲಿಂದ ಬಂದಿದೆ, ನಕಲಿ ಅಂತ ನಮ್ಮ ಬಡಾವಣೆದನ್ನೆಲ್ಲ ಕಟ್ಟು ಕಟ್ಟಿ ಪಕ್ಕಕ್ಕಿಟ್ಟಿದೆ. ಅದರಲ್ಲಿ ಟೈಲರ್ ಅಕ್ಕ ಕೈಯಾರೆ ಬರೆದದ್ದೂ ಸೇರ್ಕೊಂಡಿದೆ. ಅವರಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ರಸ್ತೆ ಹೇಗೆ ದಾಟಿಸ್ಲಿ ಅಂತ ಕೇಳಿದಾರೆ. ಸಾಹೇಬ್ರು ಯಾವುದನ್ನ ನಂಬ್ಲಮ್ಮಾ ಅಂದ್ರು. ಶುಕ್ರವಾರದ ವಿಚಾರಣೆಲಿ ಆಕ್ಷೇಪಣೆನೇ ಇಲ್ಲ ಅಂತ ಬರೆದುಬಿಡ್ತಾರೆ."

ಮಾವ ಕಾರ್ಯದರ್ಶಿಗೆ ಫೋನ್ ಮಾಡಿದರು. ಆ ಮನುಷ್ಯ ಜಗ್ಗಲಿಲ್ಲ. "ಹೊಸ ಅಂಗಡಿ ಕಟ್ಟಡದವರು ನಿಲ್ದಾಣ ತೆಗೀರಿ ಅಂತ ಇದೇ ಥರ ಹಾಕ್ಸಿದಾರೆ. ಅವರು ಮಾಡಿದ್ರೆ ಜಾಣತನ, ನಾವು ಮಾಡಿದ್ರೆ ಪಾಪಾನಾ? ಸುಮ್ನಿರಿ ಮಾವ, ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲಪ್ಪಾ," ಎಂದು ಮಾವ ಫೋನ್ ಇಟ್ಟರು.

ಮರುದಿನ ಬೆಳಿಗ್ಗೆಯೇ ಪಟ್ಟಿ ಹಿಡಿದು ಮನೆ ಮನೆ ಸುತ್ತಿದರು. "ನಿಮ್ಮನ್ನ ಕೇಳದೆ ನಿಮ್ಮ ಹೆಸರಲ್ಲಿ ಅರ್ಜಿ ಹಾಕಿದೀನಿ, ತಪ್ಪಾಯ್ತು. ಶುಕ್ರವಾರ ಹನ್ನೊಂದಕ್ಕೆ ವಿಚಾರಣೆಲಿ ವಾಪಸ್ ತಗೋತೀನಿ." ಎರಡು ದಿನ ಇದೇ ಮಾತು. ನಿವೃತ್ತ ಟೀಚರಮ್ಮ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಝಾಡಿಸಿದರು: "ನಂಗೆ ಬಾಯಿಲ್ವಾ? ನನ್ನ ಪರವಾಗಿ ಮಾತಾಡೋಕೆ ನೀವ್ಯಾರು?" ಸೈಕಲ್ ಅಂಗಡಿಯವನು ಮಾವನ ಮೊಬೈಲಿನಲ್ಲಿ ತನ್ನ ಅರ್ಜಿ ಓದಿ ಬಿದ್ದು ಬಿದ್ದು ನಕ್ಕ. "ಇದೇನು ಮಾವ, ನಂಗೆ ಶಾಲೆಗೆ ಹೋಗೋ ಇಬ್ಬರು ಮಕ್ಕಳಂತೆ! ಮೊದಲು ಹೆಣ್ಣು ಹುಡುಕ್ಕೊಡಿ." ಮಾವ ನಗಲಿಲ್ಲ. ಯಾರನ್ನೂ ಬನ್ನಿ ಎಂದು ಕರೆಯಲೂ ಇಲ್ಲ; ಕರೆಯುವ ಮುಖ ತನಗೆಲ್ಲಿದೆ ಎನಿಸಿತ್ತು.

ಶುಕ್ರವಾರ ನಗರಸಭೆಯ ಸಭಾಂಗಣದಲ್ಲಿ ಫ್ಯಾನು ಗರಗರ ತಿರುಗುತ್ತಿತ್ತು. ಮುಖ್ಯಾಧಿಕಾರಿಗಳ ಪಕ್ಕದಲ್ಲಿ ಮಗಳು ನಡಾವಳಿ ಬರೆಯಲು ಕೂತಿದ್ದಳು. ಮಾವ ಎದ್ದು ನಿಂತರು. ಊರಿಗೆಲ್ಲ ಮಾತು ಒದಗಿಸಿದವರು ಈಗ ತಮ್ಮ ಮಾತನ್ನು ತಾವೇ ಆಡಬೇಕಿತ್ತು.

"ಸಾರ್, ಆ ಮುನ್ನೂರ ಹನ್ನೆರಡೂ ನಾನು ಬರೆಸಿದ್ದು. ಯಾರನ್ನೂ ಕೇಳ್ಲಿಲ್ಲ. ಸತ್ತ ನನ್ನ ಹೆಂಡತಿನೂ ಬಿಡ್ಲಿಲ್ಲ. ಎಲ್ಲಾ ವಾಪಸ್ ತಗೋತೀನಿ."

"ಹಾಗಾದ್ರೆ ಉಳಿದದ್ದೇನು?"

"ಒಂದಿದೆ ಸಾರ್, ಟೈಲರ್ ಅಕ್ಕಂದು. ಸದರಿ ಅರ್ಜಿದಾರರು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ..." ಮಾವ ತಟ್ಟನೆ ನಿಲ್ಲಿಸಿದರು. "ಬೇಡ. ಅವರೇ ಹೇಳ್ಲಿ."

ಟೈಲರ್ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬರೋವಾಗ ಅಪ್ಪ ಹೇಗೋ ನಡೀತಾರೆ ಸಾರ್. ಮುಗಿಸಿ ಹೊರಡೋವಾಗ ಕಾಲಲ್ಲಿ ಜೀವ ಇರಲ್ಲ. ಗೇಟಿಂದ ನಿಲ್ದಾಣಕ್ಕೆ ಬರೋಷ್ಟರಲ್ಲೇ ಎರಡು ಸಲ ಕೂತ್ಕೋತಾರೆ. ರಸ್ತೆ ಮಧ್ಯ ಕೂತ್ಕೊಂಡ್ಬಿಟ್ರೆ... ನಾನೊಬ್ಳೇ ಸಾರ್."

ಮುಖ್ಯಾಧಿಕಾರಿಗಳು ಕಂಪ್ಯೂಟರಿನ ಪರದೆಯನ್ನು ಪಕ್ಕಕ್ಕೆ ತಿರುಗಿಸಿದರು. "ಯಾವ ಯಾವ ದಿನ ಬರ್ತೀರಮ್ಮಾ? ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಅವಳು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಸೈಕಲ್ ಅಂಗಡಿಯವನು. "ಸಾರ್, ನನ್ನ ಹೆಸರಲ್ಲಿ ಇದ್ದದ್ದು ಸುಳ್ಳು, ಹರಿದುಹಾಕಿ. ಆದ್ರೆ ನಂಗೂ ಒಂದು ಮಾತು ಹೇಳೋದಿದೆ." ಅವನ ಹಿಂದೆ ಟೀಚರಮ್ಮ ಎದ್ದರು, "ನಂಗೂ ಇದೆ, ನಿಲ್ದಾಣ ಆಚೆ ಹೋದ್ರೇನೇ ಒಳ್ಳೇದು ಅಂತ ಹೇಳೋಕೆ," ಎಂದರು. ಸಭೆಯಲ್ಲಿ ಗುಜುಗುಜು ಎದ್ದಿತು. ಮತ್ತೂ ಕೆಲವರು ಎದ್ದರು. ಎಲ್ಲ ಸೇರಿ ಒಂಬತ್ತು ಜನ.

ಮಗಳು ಹೊಸ ಹಾಳೆ ತೆಗೆದಳು. "ಒಬ್ಬೊಬ್ಬರಾಗಿ ಬನ್ನಿ. ನಿಧಾನವಾಗಿ ಹೇಳಿ, ಬರ್ಕೋತೀನಿ."

ಮಾವ ಕಣ್ಣೊರೆಸಿಕೊಂಡು, ಸಾಲಿನ ಕೊನೆಗೆ ಹೋಗಿ ನಿಂತರು.