ದಾಕ್ಷಾಯಣಕ್ಕ ಹತ್ತಿದ ಸ್ಟೂಲು

ನಾನು ಒಂದು ಸ್ಟೂಲು. ಎತ್ತರ ಮನುಷ್ಯರ ಮೊಣಕಾಲಿನಷ್ಟು. ಹುಟ್ಟಿದ್ದು ಹೊಸಘಟ್ಟದ ಉಕ್ಕಿನ ಕಾರ್ಖಾನೆಯ ಮರಗೆಲಸದ ಕೋಣೆಯಲ್ಲಿ. ಅಲ್ಲಿನ ಬಡಗಿ ಕಾಳಾಚಾರ್ ಅವರು ಉಳಿದ ಹೊನ್ನೆಮರದ ತುಂಡುಗಳಿಂದ ನನ್ನನ್ನು ಮಾಡಿದರು. ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಮರಕ್ಕೆ ಮರವನ್ನೇ ಬೆಸೆದರು. ಕೊನೆಗೆ ಸಿಬಿರು ಉಳಿದಿದೆಯೇ ಎಂದು ಅಂಗೈಯಿಂದ ನನ್ನ ಅಂಚನ್ನೆಲ್ಲ ಸವರಿ ನೋಡಿದರು.

ನನ್ನನ್ನು ಮಾಡಿದ್ದು ಅವರಿಗಾಗಿಯಲ್ಲ. ಕ್ಯಾಂಟೀನಿನಲ್ಲಿ ದಾಕ್ಷಾಯಣಿ ಎಂಬ ಹೊಸ ಅಡುಗೆಯವರು ಸೇರಿದ್ದರು. ತೀರಾ ಕುಳ್ಳಗಿದ್ದರು. ಉಪ್ಪಿಟ್ಟಿನ ಕೊಪ್ಪರಿಗೆಯೊಳಗೆ ಕೈಹಾಕಲು ತುದಿಗಾಲಲ್ಲಿ ನಿಲ್ಲುತ್ತಿದ್ದರು. ಅದನ್ನು ನೋಡಿದ್ದ ಕಾಳಾಚಾರ್ ನನ್ನನ್ನು ತಂದು ಒಲೆಯ ಪಕ್ಕ ಇಟ್ಟು ಹೋದರು.

ಆ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷ ಕಳೆದೆ. ಫೋರ್ಜ್ ಶಾಪಿನವರ ಪರಿಚಯವಾದದ್ದು ಅಲ್ಲೇ. ಕಾದ ಕಬ್ಬಿಣವನ್ನು ಆಳೆತ್ತರದ ಹ್ಯಾಮರುಗಳು ದಿನವಿಡೀ ಬಡಿಯುವ ಜಾಗ ಅದು. ಅಲ್ಲಿ ದುಡಿದವರ ಕಿವಿ ಹತ್ತು ವರ್ಷಕ್ಕೆಲ್ಲ ಮಂದವಾಗುತ್ತಿತ್ತು. ಅವರು ಒಬ್ಬರ ಮಾತನ್ನು ಇನ್ನೊಬ್ಬರು ತುಟಿ ನೋಡಿ ತಿಳಿಯುತ್ತಿದ್ದರು. ದಾಕ್ಷಾಯಣಿಯೂ ಅದನ್ನು ಕಲಿತರು. ನನ್ನ ಮೇಲೆ ನಿಂತು, ದನಿಯೇ ಇಲ್ಲದೆ, ಉಪ್ಪಿಟ್ಟು ಮುಗಿಯಿತು, ಅವಲಕ್ಕಿ ಇದೆ ಎಂದರೆ ಕಟ್ಟಕಡೆಯ ಬೆಂಚಿನವರಿಗೂ ಗೊತ್ತಾಗುತ್ತಿತ್ತು.

ಕಾರ್ಮಿಕರು ಅವರನ್ನು ಮೊದಲು ಸಂಘಕ್ಕೆ ಆರಿಸಿದರು. ಆಮೇಲೆ ವಿಧಾನಸಭೆಗೆ ನಿಲ್ಲಿಸಿ, ಆರುನೂರು ಚಿಲ್ಲರೆ ಓಟುಗಳಿಂದ ಗೆಲ್ಲಿಸಿದರು. ಪಾಳಿ ಬದಲಾಗುವಾಗ ಊದುವ ಎರಡು ಸೈರನ್ನುಗಳ ನಡುವೆ ಹತ್ತು ನಿಮಿಷ ಸಿಗುತ್ತದೆ. ಗೇಟಿನ ಮುಂದೆ ಮಾತಾಡುವವರು ಅಷ್ಟರಲ್ಲೇ ಮುಗಿಸಬೇಕು. ದಾಕ್ಷಾಯಣಕ್ಕ ನನ್ನ ಮೇಲೆ ನಿಂತು ಮುಗಿಸುತ್ತಿದ್ದರು.

ಐದು ವರ್ಷ ಉರುಳಿ ಮತ್ತೆ ಚುನಾವಣೆ ಬಂತು. ಅಕ್ಕ ಹಟ ಹಿಡಿದು ಮಂಜೂರು ಮಾಡಿಸಿದ್ದ ಕಾರ್ಮಿಕರ ಆಸ್ಪತ್ರೆ ಆಗ ಅರ್ಧ ಗೋಡೆಗೆ ಬಂದು ನಿಂತಿತ್ತು. ಎದುರಾಳಿ ಮಾತ್ರ, ತಾನು ಗೆದ್ದರೆ ಆ ಜಾಗದಲ್ಲಿ ಕಲ್ಯಾಣ ಮಂಟಪ ಕಟ್ಟಿಸುವುದಾಗಿ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಪಕ್ಷದವರು ಪ್ರಚಾರಕ್ಕೆಂದು ನಿರಂಜನ ಎಂಬ ಯುವಕನನ್ನು ಕಳಿಸಿದರು. ಕೆಟ್ಟವನಲ್ಲ. ಕಾರ್ಯಕರ್ತರೆಲ್ಲ ಉಂಡರೇ ಎಂದು ವಿಚಾರಿಸಿಕೊಂಡೇ ತಾನು ಉಣ್ಣುತ್ತಿದ್ದ. ಆದರೆ ನನ್ನನ್ನು ನೋಡಿ ನಕ್ಕುಬಿಟ್ಟ.

"ಶಾಸಕರು ಸ್ಟೂಲ್ ಮೇಲೆ ನಿಲ್ಲೋದು ಚೆನ್ನಾಗಿರಲ್ಲ ಮೇಡಂ" ಎಂದು ಒಂದು ಲಾರಿಯನ್ನೇ ವೇದಿಕೆ ಮಾಡಿಸಿದ. ಎಂಟು ಲೌಡ್‌ಸ್ಪೀಕರು, ಗಲ್ಲ ಮುಟ್ಟುವ ಹಾರ, ಬಾಯಿಗೆ ಅಂಟಿದಂಥ ಮೈಕು. ಲಾರಿ ಡ್ರೈವರ್ ಇಮಾಮ್ ಸಾಬರು ಸ್ಪೀಕರಿನ ವೈರು ಬಿಗಿಮಾಡಲು ನನ್ನ ಮೇಲೆ ಹತ್ತಿದರು. ಹತ್ತುವ ಮೊದಲು ಚಪ್ಪಲಿ ಬಿಟ್ಟರು.

ಅಂದು ಅಕ್ಕ ಚೆನ್ನಾಗಿಯೇ ಮಾತಾಡಿದರು. ಆದರೂ ಫೋರ್ಜ್ ಶಾಪಿನವರು ಸ್ವಲ್ಪ ಹೊತ್ತು ಕತ್ತೆತ್ತಿ ನಿಂತು, ಮುಖ ಮುಖ ನೋಡಿಕೊಂಡು, ಸೈಕಲ್ ಹತ್ತಿ ಹೊರಟೇಬಿಟ್ಟರು. ಒಂದು ಚಪ್ಪಾಳೆಯಿಲ್ಲ. ಅಕ್ಕನ ಮುಖ ಬಾಡಿತು.

ಮರುದಿನ ಬೆಳಿಗ್ಗೆ ಹ್ಯಾಮರ್ ನಡೆಸುವ ಪಾಲಾಕ್ಷಪ್ಪ ಅಕ್ಕನ ಮನೆಗೇ ಬಂದರು. ನಾನು ಬಾಗಿಲ ಮುಂದೆ ನಿಂತಿದ್ದ ಲಾರಿಯಲ್ಲಿದ್ದೆ. ಕಿವಿ ಕೇಳದವರ ದನಿ, ಬೀದಿಗೆಲ್ಲ ಕೇಳುವಂತಿತ್ತು.

"ಅಕ್ಕಾ, ನಿನ್ನೆ ಲಾರಿ ಮೇಲೆ ಏನೋ ತಿಂತಾ ಇದ್ರಲ್ಲ, ಏನದು?"

"ಭಾಷಣ ಮಾಡ್ದೆ, ಪಾಲಾಕ್ಷಣ್ಣ."

"ಹೌದಾ? ನಮಗೆ ಆ ಗುಂಡು ಮೈಕೊಂದೇ ಕಂಡಿದ್ದು. ಅಕ್ಕ ಶಾಸಕಿ ಆದ್ಮೇಲೆ ನಮ್ಮ ಜತೆ ಬಾಯಿಬಿಡಲ್ಲ ಅಂತ ಹುಡುಗರು ಮಾತಾಡ್ಕೊಳ್ತಿದಾರೆ."

ಅಕ್ಕ ಹಣೆ ಹಣೆ ಬಡಿದುಕೊಂಡರು. "ಹನ್ನೊಂದು ವರ್ಷ ಅದೇ ಕೆಲಸ ಮಾಡಿ, ಅದನ್ನೇ ಮರೆತ್ನಲ್ಲ. ಇಮಾಮ್ ಸಾಬ್ರೇ, ನನ್ನ ಸ್ಟೂಲು ಎಲ್ಲಿ?"

ನಿರಂಜನ ಗಾಬರಿಯಾದ. "ಮೈಕ್ ಇಲ್ಲದೆ ಹಿಂದಿನವರಿಗೆ ಕೇಳಲ್ಲ ಮೇಡಂ."

"ಮುಂದಿನವರಿಗೂ ಕೇಳಲ್ಲಪ್ಪ. ನೀನು ಸುಮ್ಮನೆ ಬಾ."

ಮಧ್ಯಾಹ್ನ ಎರಡರ ಸೈರನ್ ಊದಿತು. ಗೇಟಿನ ಮುಂದೆ ಜಲ್ಲಿ ಹಾಸಿದ್ದರಿಂದ ನನ್ನ ಒಂದು ಕಾಲು ನೆಲಕ್ಕೆ ಕೂರಲಿಲ್ಲ. ಅಕ್ಕ ಹತ್ತಿದಾಗ ಅಲ್ಲಾಡಿದೆ. ಆಗ ಯಾರದೋ ದಪ್ಪ ಬೂಟು ಬಂದು ಆ ಕಾಲಿಗೆ ಒತ್ತಾಗಿ ನಿಂತಿತು. ಪಾಲಾಕ್ಷಪ್ಪನವರದು. ಹತ್ತು ನಿಮಿಷವೂ ಅವರು ಅದನ್ನು ಕದಲಿಸಲಿಲ್ಲ.

ಅಕ್ಕ ಹಾರ ತೆಗೆದು ನಿರಂಜನನ ಕೈಗೆ ಕೊಟ್ಟರು. ಮಾತಾಡಲು ಶುರುಮಾಡಿದರು, ಬರೀ ತುಟಿಯಲ್ಲಿ. ಪತ್ರಿಕೆಯವರು ಅಕ್ಕನ ಗಂಟಲು ಕಟ್ಟಿದೆ ಎಂದುಕೊಂಡರು. ಮುಂದಿನ ಸಾಲಿನವರು ಓದಿಕೊಂಡು, ಹಿಂದಕ್ಕೆ ತಿರುಗಿ, ತುಟಿಯಲ್ಲೇ ಎರಡನೆಯ ಸಾಲಿಗೆ ದಾಟಿಸಿದರು. ಅವರು ಮೂರನೆಯದಕ್ಕೆ. ಕೆಲಸದ ಜಾಗದಲ್ಲಿ ಅವರು ದಿನಾ ಹಾಗೆಯೇ ಸುದ್ದಿ ಮುಟ್ಟಿಸುವುದು. ಸಾವಿರ ಜನ ನಿಂತಿದ್ದರೂ ಸದ್ದಿಲ್ಲ. ನಾನು ಅಡಿಯಲ್ಲಿದ್ದೆ, ನನಗೆ ಅಕ್ಕನ ತುಟಿ ಕಾಣಲಿಲ್ಲ. ಅವರ ಹಿಮ್ಮಡಿ ಗಟ್ಟಿಯಾಗಿ ಊರಿದ್ದು ಮಾತ್ರ ಗೊತ್ತಾಯಿತು.

ಆಸ್ಪತ್ರೆಯ ಮಾತು ಬಂದಿರಬೇಕು, ಇದ್ದಕ್ಕಿದ್ದಂತೆ ಪಾಲಾಕ್ಷಪ್ಪ ಜನರತ್ತ ಕತ್ತು ತಿರುಗಿಸಿ ಕೂಗಿದರು: "ನಮಗ್ಯಾಕೆ ಕಲ್ಯಾಣ ಮಂಟಪ? ನಮ್ಮದು ಆಗೋದೆಲ್ಲ ಆಗಿಹೋಗಿದೆ!"

ನಗು ಮೊದಲ ಸಾಲಿನಲ್ಲಿ ಹುಟ್ಟಿತು. ಅದರ ಹಿಂದೆಯೇ ಎರಡನೆಯದಕ್ಕೆ, ಮೂರನೆಯದಕ್ಕೆ ಹಬ್ಬುತ್ತಾ ಸೈಕಲ್ ಸ್ಟ್ಯಾಂಡಿನವರೆಗೂ ಹೋಯಿತು. ಎರಡನೆಯ ಸೈರನ್ ಅದರಲ್ಲಿ ಮುಳುಗಿಹೋಯಿತು. ನಿರಂಜನ ಹಾರ ಹಿಡಿದುಕೊಂಡೇ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ.

ಮತ ಎಣಿಸಿದ ದಿನ ಅಕ್ಕ ಒಂಬತ್ತು ಸಾವಿರ ಓಟುಗಳ ಅಂತರದಲ್ಲಿ ಗೆದ್ದರು. ಮೆರವಣಿಗೆಗೆ ಅದೇ ಲಾರಿ ಬಂತು. ಅಕ್ಕ ಅದರ ಮೇಲೆ ಫೋರ್ಜ್ ಶಾಪಿನವರನ್ನು ಹತ್ತಿಸಿ, ತಾವು ಮುಂದೆ ನಡೆದರು.

ಈಗ ನನಗೆ ವಯಸ್ಸಾಗಿದೆ. ಕಾರ್ಮಿಕರ ಆಸ್ಪತ್ರೆಯಲ್ಲಿ ಕಿವಿ ಡಾಕ್ಟರ ಕೋಣೆಯ ಎತ್ತರದ ಮಂಚದ ಪಕ್ಕ ಇದ್ದೇನೆ. ಮಂಚ ಏರುವವರು ನನ್ನ ಮೇಲೆ ಕಾಲಿಡುತ್ತಾರೆ. ಆಸ್ಪತ್ರೆ ತೆರೆದ ಮೊದಲ ವಾರ ಬಂದವರಲ್ಲಿ ಪಾಲಾಕ್ಷಪ್ಪನವರೂ ಒಬ್ಬರು. ಡಾಕ್ಟರು ಅವರ ಕಿವಿಗೆ ಪುಟ್ಟ ಮೆಷಿನ್ ಕೂರಿಸಿದರು. ಬಾಗಿಲಲ್ಲಿದ್ದ ಅಕ್ಕ ಕೇಳಿದರು: "ಕೇಳ್ತಾ, ಪಾಲಾಕ್ಷಣ್ಣ?"

ಅವರು ಕಿವಿಯ ಮೆಷಿನನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ, ನಾನು ಅವರಿಂದ ಎಂದೂ ಕೇಳದಿದ್ದ ಮೆಲುದನಿಯಲ್ಲಿ ಹೇಳಿದರು: "ನಿಮ್ಮ ದನಿ ಇಷ್ಟು ಗೊಗ್ಗರಾ ಅಕ್ಕಾ? ಮೊದಲೇ ಗೊತ್ತಿದ್ರೆ ಓಟು ಹಾಕ್ತಿರಲಿಲ್ಲ."

ಅಕ್ಕ ನಕ್ಕರು. ಆ ನಗುವನ್ನು ಪಾಲಾಕ್ಷಪ್ಪ ಮೊದಲ ಸಲ ಕೇಳಿಸಿಕೊಂಡರು. ನನ್ನ ಮೇಲೆ ನಿಂತ ಎಲ್ಲರ ಭಾರವೂ ನನಗೆ ನೆನಪಿದೆ. ಅಂದು ಮಂಚದಿಂದ ಇಳಿದ ಪಾಲಾಕ್ಷಪ್ಪನವರದು ಎಲ್ಲರಿಗಿಂತ ಹಗುರವಾಗಿತ್ತು.