ತಾಂಬೂಲದ ಚೀಲದಲ್ಲಿ ಬೆಕ್ಕಿನ ಮರಿ

ನಿಮ್ಮ ಮನೆಯ ಅಟ್ಟದಲ್ಲಿ ಎಂದಾದರೂ ಬೆಕ್ಕು ಮರಿ ಹಾಕಿದೆಯೇ? ಹಾಗಾದರೆ ಪುರವರದ ಪರ್ವತಯ್ಯನವರ ಪಾಡು ನಿಮಗೆ ಬೇಗ ಅರ್ಥವಾಗುತ್ತದೆ.

ಪರ್ವತಯ್ಯನವರದು ಬಸ್ ನಿಲ್ಲುವ ಕಡೆ ದಿನಸಿ ಅಂಗಡಿ. ಅಂಗಡಿಯ ಹಿಂದೆಯೇ ಮನೆ. ಇಲಿಗಳ ಕಾಟ ತಾಳಲಾರದೆ ಅವರು ಬೂದಿ ಎಂಬ ಬೆಕ್ಕನ್ನು ಸಾಕಿದರು. ಬೂದಿ ಇಲಿಯನ್ನೇನೋ ಚೆನ್ನಾಗಿ ಹಿಡಿಯಿತು. ಜೊತೆಗೆ ಒಂದೇ ವರ್ಷದಲ್ಲಿ ಮೂರು ಸಲ ಮರಿ ಹಾಕಿತು. ಮೊದಲ ಸಲದ ಮರಿಗಳನ್ನು ಊರವರು ಕೇಳಿ ಕೇಳಿ ಒಯ್ದರು. ಎರಡನೇ ಸಲದವನ್ನು ಪರ್ವತಯ್ಯನವರೇ ಕೈಮುಗಿದು ಕೊಟ್ಟು ಬಂದರು. ಮೂರನೇ ಸಲ ಮಾತ್ರ, ಇವರು ಎದುರಿಗೆ ಬರುವುದು ಕಂಡರೆ ಜನ ಬೇರೆ ಬೀದಿ ಹಿಡಿಯತೊಡಗಿದರು.

ಈ ಸಲ ನಾಲ್ಕು ಮರಿ. ಒಂದು ಕರಿದು, ಒಂದು ಪಟ್ಟೆಯದು, ಒಂದು ಬಿಳಿ ಮಚ್ಚೆಯದು. ನಾಲ್ಕನೆಯದು ಅಂಗೈಯೊಳಗೆ ಅಡಗುವಷ್ಟು ಸಣ್ಣ ಕೆಂಚ. ಹುಟ್ಟಿ ಎರಡು ವಾರವಾಗಿತ್ತು. ಆಗಷ್ಟೇ ಕಣ್ಣು ಬಿಟ್ಟಿದ್ದವು.

"ಇನ್ನೊಂದು ತಿಂಗ್ಳು ಹೋದ್ರೆ ಅಂಗ್ಡಿ ತುಂಬಾ ಇವೇ ಓಡಾಡ್ತವೆ ಕಣೆ. ಅಕ್ಕಿ ಮೂಟೆ ಮೇಲೆ ಗಲೀಜು ಮಾಡಿದ್ರೆ ಯಾವನು ಬತ್ತಾನೆ ಯಾಪಾರಕ್ಕೆ?" ಎಂದರು ಪರ್ವತಯ್ಯ.

"ಹಸುಗೂಸು ಕಣ್ರೀ. ಹಾಲು ಬುಡೋಗಂಟ ಇರ್ಲಿ," ಎಂದರು ಹೆಂಡತಿ ಜಗದಾಂಬ.

ಪರ್ವತಯ್ಯನವರ ತಲೆಯಲ್ಲಿ ಬೇರೆಯೇ ಲೆಕ್ಕಾಚಾರ ಓಡುತ್ತಿತ್ತು. ತಾಯಿ ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅದೇ ಏಳು ಮನೆ ತೋರಿಸುವಾಗ, ಎಂಟನೆಯದನ್ನು ತಾವು ತೋರಿಸಿದರೆ ತಪ್ಪೇನು? ಏಳು ಮನೆಗೂ ತಾಯಿ ಜೊತೆಯಲ್ಲೇ ಹೋಗುತ್ತದೆ ಎಂಬುದು ಮಾತ್ರ ಪುಣ್ಯಾತ್ಮರಿಗೆ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಜಗದಾಂಬ ನೀರು ಹಿಡಿಯಲು ಹೋದರು. ಬೂದಿ ಹಿತ್ತಲಿಗೆ ಹೋಗಿತ್ತು. ಪರ್ವತಯ್ಯ ಬಾಗಿಲ ಹಿಂದಿನ ಮೊಳೆಯಿಂದ ಕೈಗೆ ಸಿಕ್ಕ ಚೀಲ ಎಳೆದುಕೊಂಡು, ನಾಲ್ಕು ಮರಿಗಳನ್ನೂ ಎಣಿಸಿ ಒಳಗಿಟ್ಟು, ಕೊರಟಗೆರೆ ಕಡೆ ಹೋಗುವ ಬಸ್ಸು ಹತ್ತಿದರು. ಡ್ರೈವರ್ ಹಿಂದಿನ ಸೀಟಿನ ಕೆಳಗೆ ಚೀಲ ತಳ್ಳಿದರು. ಮಧುಗಿರಿ ಬಂದಾಗ ಬರಿಗೈಯಲ್ಲಿ ಇಳಿದುಬಿಟ್ಟರು. ದಿನಕ್ಕೆ ನೂರಾರು ಜನ ಹತ್ತುವ ಬಸ್ಸು, ಯಾರಾದರೂ ಎತ್ತಿಕೊಳ್ಳುತ್ತಾರೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಊರಿಗೆ ಮರಳಿದರು.

ಮನೆಯಲ್ಲಿ ಬೂದಿ ಒಂದೇ ಸಮನೆ ಕೂಗುತ್ತಿತ್ತು. ಅಟ್ಟಕ್ಕೆ ಹತ್ತುವುದು, ಇಳಿಯುವುದು, ಜಗದಾಂಬನವರ ಕಾಲಿಗೆ ಸುತ್ತಿಕೊಳ್ಳುವುದು, ಮತ್ತೆ ಹತ್ತುವುದು. ಅದರ ಮೊಲೆಗಳು ಹಾಲು ತುಂಬಿ ಬಿಗಿದಿದ್ದವು.

"ಮರಿ ಎಲ್ರೀ?"

"ನಂಗೇನ್ ಗೊತ್ತು? ಬೇರೆ ಮನೆಗೆ ಸಾಗಿಸಿರ್ಬೇಕು. ಏಳು ಮನೆ ತೋರಿಸ್ತದಲ್ವಾ?"

"ಅಕ್ಕಪಕ್ಕದ ಏಳು ಮನೇನೂ ಕೇಳ್ಕಂಡು ಬಂದೆ. ಎಲ್ಲೂ ಇಲ್ಲ. ತಾನೇ ಸಾಗಿಸಿದ್ರೆ ತಾನೇ ಯಾಕೆ ಹುಡುಕ್ತದೆ?"

ಪರ್ವತಯ್ಯ ತಕ್ಕಡಿ ಒರೆಸುವುದರಲ್ಲಿ ಮಗ್ನರಾದರು.

ಮಧ್ಯಾಹ್ನ ಹನ್ನೆರಡಕ್ಕೆ ಸಿರಾದಿಂದ ಮಗಳು ಲೋಹಿತಾ ಫೋನ್ ಮಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. "ಅಪ್ಪಾ, ವಾಟ್ಸಾಪ್ ನೋಡಿದ್ಯಾ? ನಮ್ಮತ್ತೆ ಕೇಳ್ತಾವ್ರೆ, ನಿಮ್ಮಪ್ಪ ತಾಂಬೂಲದ ಜೊತೆ ಬೆಕ್ಕೂ ಕೊಟ್ಟಿದ್ರಾ ಅಂತ!"

ಪರ್ವತಯ್ಯ ಕನ್ನಡಕ ಹಾಕಿಕೊಂಡು ನೋಡಿದರು. ಫೋಟೋದಲ್ಲಿ ಒಂದು ಹಳದಿ ಚೀಲ. ಚೀಲದ ಮೇಲೆ ಕೆಂಪು ಅಕ್ಷರದಲ್ಲಿ ‘ಚಿ. ಸೌ. ಲೋಹಿತಾ – ಚಿ. ಗೌರೀಶ್, ಪುರವರ’. ಚೀಲದ ಬಾಯಲ್ಲಿ ಬೆಕ್ಕಿನ ಮರಿಗಳು.

ಆದದ್ದಿಷ್ಟು. ಹೋದ ವರ್ಷ ಮಗಳ ಮದುವೆಗೆಂದು ಮಾಡಿಸಿದ್ದ ತಾಂಬೂಲದ ಚೀಲಗಳಲ್ಲಿ ನೂರಕ್ಕೂ ಹೆಚ್ಚು ಮಿಕ್ಕಿದ್ದವು. ಮದುವೆ ಮಾಡಿದ ಮನೆಯಲ್ಲಿ ಆ ಚೀಲಗಳು ಮುಗಿಯುತ್ತವೆಯೇ? ಈರುಳ್ಳಿಗೂ ಅದೇ, ಕರೆಂಟ್ ಬಿಲ್ಲಿಗೂ ಅದೇ, ಹಳೇ ಚಪ್ಪಲಿಗೂ ಅದೇ. ನೋಡೀ ನೋಡೀ ಮೇಲಿನ ಅಕ್ಷರಗಳು ಪರ್ವತಯ್ಯನವರ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಕದ್ದು ಮಾಡುವ ಕೆಲಸಕ್ಕೆ ಮಗಳ ಹೆಸರು, ಅಳಿಯನ ಹೆಸರು, ಊರ ಹೆಸರು ಎಲ್ಲ ಅಚ್ಚು ಹಾಕಿಸಿ ಕಳಿಸಿದ್ದರು.

ಫೋಟೋ ಹಾಕಿದ್ದವರು ಕೊರಟಗೆರೆಯ ಬೆಕ್ಕಿನ ಬಳಗದವರು. ಬಸ್ ಸ್ಟ್ಯಾಂಡ್ ಹತ್ತಿರ ಟೈಲರಿಂಗ್ ಅಂಗಡಿ ಇಟ್ಟಿರುವ ಗಂಗಾಲಕ್ಷ್ಮಿ, ಅವಳ ಸಂಘದ ನಾಲ್ಕಾರು ಹೆಂಗಸರು, ಕೆಲವು ಖಾಸಗಿ ಬಸ್ಸಿನ ಕಂಡಕ್ಟರುಗಳು ಸೇರಿ ಕಟ್ಟಿಕೊಂಡ ಬಳಗ ಅದು. ಬೀದಿಗೆ ಬಿದ್ದ ಮರಿಗಳನ್ನು ಬದುಕಿಸುವುದು, ಬೇಕಾದವರ ಮನೆಗೆ ಸೇರಿಸುವುದು ಅವರ ಕೆಲಸ. ಮಧುಗಿರಿ, ಸಿರಾ, ಪಾವಗಡ, ಯಾವ ಕಡೆಗಾದರೂ ಸರಿ, ಬುಟ್ಟಿ ಒಯ್ಯಲು ಒಬ್ಬ ಕಂಡಕ್ಟರ್ ಇದ್ದೇ ಇರುತ್ತಾನೆ. ಬೆಳಗಿನ ಬಸ್ಸಿನ ಕಂಡಕ್ಟರ್ ಚಿಕ್ಕರಾಜು ಸೀಟಿನ ಕೆಳಗಿನ ಚೀಲ ನೋಡಿ ಗಂಗಾಲಕ್ಷ್ಮಿಯ ಕೈಗೆ ಒಪ್ಪಿಸಿದ್ದ.

ಫೋಟೋದ ಕೆಳಗೆ ಅವಳು ಬರೆದಿದ್ದಳು: ‘ಇವುಗಳ ತಾಯಿ ಬೇಕು. ತಾಯಿ ಹಾಲು ಇಲ್ಲದೆ ಇಷ್ಟು ಸಣ್ಣ ಮರಿ ಉಳಿಯೋದು ಕಷ್ಟ. ಯಾರ ಮನೆಯ ಬೆಕ್ಕು ಅಂತ ದಯವಿಟ್ಟು ಹೇಳಿ. ಬೈಯಲ್ಲ, ಹೆಸರು ಯಾರಿಗೂ ಹೇಳಲ್ಲ. ಮೂರು ಮರಿಗಳಿವೆ.’

ಅಷ್ಟರಲ್ಲಿ ಜಗದಾಂಬ ಬಂದು ಹಿಂದೆ ನಿಂತಿದ್ದರು. ಪರ್ವತಯ್ಯ ಗಂಟಲು ಸರಿಮಾಡಿಕೊಂಡರು. "ಮದ್ವೆಗೆ ಆರುನೂರು ಜನಕ್ಕೆ ಹಂಚಿದ್ವಲ್ಲ ಚೀಲವ. ಆರುನೂರರಲ್ಲಿ ಯಾವನೋ ಒಬ್ಬ..."

ಜಗದಾಂಬ ಕೂಗಿ ಕೂಗಿ ಗಂಟಲು ಕಟ್ಟಿದ ಬೂದಿಯನ್ನು ಎತ್ತಿಕೊಂಡು ಒಳಗೆ ಹೋದರು.

ಪರ್ವತಯ್ಯ ಮತ್ತೆ ಫೋಟೋ ನೋಡಿದರು. ಕರಿದು ಇತ್ತು. ಪಟ್ಟೆಯದು ಇತ್ತು. ಬಿಳಿ ಮಚ್ಚೆಯದು ಇತ್ತು. ಕೆಂಚ ಎಲ್ಲಿ? ಚೀಲದಿಂದ ತೆವಳಿ ಆಚೆ ಬಂದಿದ್ದರೆ ಅದಿನ್ನೂ ಬಸ್ಸಿನಲ್ಲೇ ಇರಬೇಕು. ಯಾರ ಕಾಲ ಕೆಳಗೋ, ಯಾವ ಮೂಟೆಯ ಸಂದಿಯಲ್ಲೋ. ಮೂರೇ ಮರಿ ಎಂದುಕೊಂಡವರು ನಾಲ್ಕನೆಯದನ್ನು ಏಕೆ ಹುಡುಕುತ್ತಾರೆ? ನಾಲ್ಕಿದ್ದವು ಎಂದು ಈ ಲೋಕದಲ್ಲಿ ಹೇಳಬಲ್ಲವರು ಮೂವರೇ. ಒಂದು ಬೂದಿ. ಅದಕ್ಕೆ ಮಾತು ಬಾರದು. ಇನ್ನೊಬ್ಬರು ಜಗದಾಂಬ, ಅವರಿಗೆ ಚೀಲದೊಳಗೆ ಎಷ್ಟು ಹೋದವೆಂದು ಗೊತ್ತಿಲ್ಲ. ಮೂರನೆಯವರು ಪರ್ವತಯ್ಯ.

ಹೇಳಿದರೆ ಬೀಗರ ಮುಂದೆ, ಊರ ಮುಂದೆ ತಲೆ ತಗ್ಗಿಸಬೇಕು. ಹೇಳದಿದ್ದರೆ ಕೆಂಚ ಸಾಯುತ್ತದೆ. ಗಿರಾಕಿಯೊಬ್ಬ ಬೆಲ್ಲ ಕೇಳಿದರೆ ಪರ್ವತಯ್ಯ ಉಪ್ಪು ಕಟ್ಟಿಕೊಟ್ಟರು. ಮುದ್ದೆ ಮುಂದೆ ಕೂತವರು ಅರ್ಧಕ್ಕೇ ಕೈತೊಳೆದು ಫೋಟೋದ ಕೆಳಗಿದ್ದ ನಂಬರಿಗೆ ಫೋನ್ ಹಚ್ಚಿದರು.

"ಅಮ್ಮಾ, ಮೂರಲ್ಲ ಕಣಮ್ಮ. ನಾಲ್ಕು."

ನೀವು ಯಾರು, ಯಾಕೆ ಹೀಗೆ ಮಾಡಿದಿರಿ ಎಂದು ಗಂಗಾಲಕ್ಷ್ಮಿ ಕೇಳಲಿಲ್ಲ. "ಯಾವ ಸೀಟು?" ಎಂದಷ್ಟೇ ಕೇಳಿದಳು.

"ಡ್ರೈವರ್ ಹಿಂದಿನ್ದು. ನಾನೇ ಇಟ್ಟಿದ್ದು ಕಣಮ್ಮ. ಪುರವರದ ಪರ್ವತಯ್ಯ ನಾನು. ನನ್ ಮಗಳ ಮದ್ವೆ ಚೀಲ ಅದು."

"ಹೇಳಿದ್ದು ಒಳ್ಳೇದಾಯ್ತು ಯಜಮಾನ್ರೆ. ಆ ಬಸ್ಸು ವಾಪಸ್ ನಿಮ್ಮೂರಿಗೇ ಬತ್ತಾ ಅದೆ. ಚಿಕ್ಕರಾಜುಗೆ ಈಗ್ಲೇ ಹೇಳ್ತೀನಿ. ಅಲ್ಲಿಂದ ಮತ್ತೆ ಇಲ್ಲಿಗೇ ತಿರುಗ್ತದೆ, ನೀವು ತಾಯೀನ ಕರ್ಕಂಡು ಅದ್ರಲ್ಲೇ ಬಂದ್ಬುಡಿ."

ಫೋನ್ ಇಟ್ಟು ತಿರುಗಿದರೆ ಜಗದಾಂಬ ಬಾಗಿಲಲ್ಲೇ ಇದ್ದರು. ಪರ್ವತಯ್ಯ ತಲೆ ತಗ್ಗಿಸಿದರು. "ತಪ್ಪಾಯ್ತು ಕಣೆ."

"ತಪ್ಪು ಆಮೇಕೆ ಒಪ್ಕಳಿವ್ರಂತೆ. ಟೊಮೇಟೊ ಕ್ರೇಟ್ ತನ್ನಿ," ಎಂದರು ಜಗದಾಂಬ.

ಬೂದಿಯನ್ನು ಕ್ರೇಟಿಗೆ ಇಳಿಸುವಾಗ ಅದು ಪರ್ವತಯ್ಯನವರ ಮುಂಗೈಯನ್ನು ರಕ್ತ ಬರುವಂತೆ ಪರಚಿತು. ಅವರು ಕೈ ಎಳೆದುಕೊಳ್ಳಲಿಲ್ಲ.

ಬಸ್ಸು ಬಂತು. ಶಾಲೆ ಮಕ್ಕಳು, ಸಂತೆ ಮುಗಿಸಿದವರು, ಕಡಲೆಕಾಯಿ ಮೂಟೆಗಳು, ಒಳಗೆ ಕಾಲಿಡಲು ಜಾಗವಿಲ್ಲ. ಚಿಕ್ಕರಾಜು ಹುಡುಕಿ ಸೋತಿದ್ದ. "ಇಲ್ಲ ಯಜಮಾನ್ರೆ. ಸೀಟ್ ಕೆಳಗೆಲ್ಲಾ ನೋಡ್ದೆ," ಎಂದ.

ಗರಿಗರಿ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಇಡೀ ಹೋಬಳಿಯ ಜನ ಗುರುತು ಹಿಡಿಯುವ ಪರ್ವತಯ್ಯ ಬಸ್ಸಿನೊಳಗೆ ನಿಂತು ಕೈಮುಗಿದರು. "ಯಾರೂ ಕಾಲು ಅಲ್ಲಾಡಿಸ್ಬ್ಯಾಡ್ರಪ್ಪ. ನನ್ ಬೆಕ್ಕಿನ ಮರಿ ಒಂದು ಇಲ್ಲೇ ಎಲ್ಲೋ ಅದೆ. ಬೆಳಿಗ್ಗೆ ನಾನೇ ಬುಟ್ಟೋಗಿದ್ದೆ."

ಯಾರೋ ಕಿಸಕ್ಕೆಂದರು. ಪರ್ವತಯ್ಯ ಅತ್ತ ನೋಡಲೂ ಇಲ್ಲ. ಅಂಗಿಯ ತೋಳು ಮಡಚಿ ನೆಲಕ್ಕೆ ಮಂಡಿಯೂರಿದರು. ಅದನ್ನು ಕಂಡು ನಕ್ಕವರೇ ಮೂಟೆ ಸರಿಸಲು ಎದ್ದರು. ಶಾಲೆ ಮಕ್ಕಳು ಸೀಟಿನ ಮೇಲೆ ಕಾಲು ಮಡಚಿ ಕೂತರು. ಡ್ರೈವರ್ ಎಂಜಿನ್ ನಿಲ್ಲಿಸಿದ. ಬಸ್ಸು ನಿಶ್ಶಬ್ದವಾಯಿತು.

ಆಗ ಕ್ರೇಟಿನೊಳಗಿಂದ ಬೂದಿ ಕೂಗಿತು. ಎಲ್ಲಿಂದಲೋ ಒಂದು ಸಣ್ಣ ‘ಕೀಂ’ ಕೇಳಿಸಿತು. ಬೂದಿ ಮತ್ತೆ ಕೂಗಿತು. ಮತ್ತೆ ‘ಕೀಂ’. ಪರ್ವತಯ್ಯ ಆ ದನಿ ಹಿಡಿದು ತೆವಳಿದರು. ಡ್ರೈವರ್ ಪಕ್ಕದ ಬಾನೆಟ್ಟಿನ ಬುಡದಲ್ಲಿ ಗಾಜು ಒರೆಸುವ ಹಳೇ ಬಟ್ಟೆಯ ಗಂಟು ಬಿದ್ದಿತ್ತು. ಎಂಜಿನ್ನಿನ ಬಿಸಿ ಹುಡುಕಿಕೊಂಡು ಬಂದ ಕೆಂಚ ಆ ಬಟ್ಟೆಯೊಳಗೆ ಮುದುಡಿತ್ತು. ಪರ್ವತಯ್ಯ ಎರಡೂ ಕೈಯಲ್ಲಿ ಎತ್ತಿಕೊಂಡರು. ಅವರ ಕಣ್ಣು ತುಂಬಿ ಬಂತು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು.

ಕೊರಟಗೆರೆಯ ಟೈಲರಿಂಗ್ ಅಂಗಡಿಯಲ್ಲಿ ಬಟ್ಟೆ ಚೂರುಗಳ ಬುಟ್ಟಿ, ಬುಟ್ಟಿಯೊಳಗೆ ಬಿಸಿನೀರಿನ ಬಾಟಲಿ, ಅದಕ್ಕೆ ಒತ್ತಿಕೊಂಡು ಮೂರು ಮರಿ. ಕೆಂಚನನ್ನು ಪಕ್ಕಕ್ಕೆ ಬಿಟ್ಟ ತಕ್ಷಣ ಬೂದಿ ನೆಗೆದು ಬಂದು ನಾಲ್ಕನ್ನೂ ನೆಕ್ಕಿ ನೆಕ್ಕಿ ಮಲಗಿತು. ಚಪ್ಪ್ ಚಪ್ಪ್ ಸದ್ದು ಶುರುವಾಯಿತು. ಜಗದಾಂಬ ಬೆಳಗಿನಿಂದ ಮೊದಲ ಸಲ ನಕ್ಕರು.

ಗಂಗಾಲಕ್ಷ್ಮಿಯ ಕಣ್ಣು ಪರ್ವತಯ್ಯನವರ ಕೈ ಮೇಲೆ ಬಿತ್ತು. "ಮೊದ್ಲು ಗಾಯವ ಸೋಪು ನೀರಲ್ಲಿ ಕಾಲು ಗಂಟೆ ತೊಳೀರಿ. ಆಮೇಕೆ ಸೀದಾ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತಗಳಿ. ಮನೆ ಬೆಕ್ಕಾದ್ರೂ ಸಸಾರ ಮಾಡ್ಬ್ಯಾಡಿ. ಬೂದಿಗೂ ರೇಬೀಸ್ ಲಸಿಕೆ ಹಾಕ್ಸಿ."

ಕೈ ತೊಳೆಯುತ್ತಾ ಪರ್ವತಯ್ಯ ಕೇಳಿದರು. "ತಾಯಿ ಸಿಗ್ದಿದ್ರೆ ಹಸುವಿನ್ ಹಾಲು ಹಾಕ್ಬೋದಿತ್ತಲ್ವಾ?"

"ಹಸುವಿನ್ ಹಾಲು ಈ ಮರಿಗಳಿಗೆ ಆಗಲ್ಲ, ಭೇದಿ ಕಿತ್ಕತದೆ. ಬೆಕ್ಕಿನ ಮರಿಗೇ ಅಂತ ಪುಡಿ ಬತ್ತದೆ. ಅದ್ನ ಎರಡ್ಮೂರು ಗಂಟೆಗೊಂದ್ಸಲ ಕುಡಿಸ್ಬೇಕು, ಮೈ ಬೆಚ್ಚಗಿಡ್ಬೇಕು. ಅಷ್ಟಾದ್ರೂ ಎಲ್ಲಾ ಉಳಿಯಲ್ಲ. ಎರಡು ತಿಂಗ್ಳು ತಾಯಿ ಜೊತೆ ಬುಡಿ. ಆಮೇಲೆ ಮನೆ ಹುಡ್ಕೋ ಭಾರ ನಮ್ದು. ಮರಿ ಹಾಲು ಬುಟ್ಮೇಲೆ ದನದ ಡಾಕ್ಟರ್ ಕೇಳಿ ಬೂದಿಗೆ ಆಪರೇಷನ್ ಮಾಡ್ಸಿ. ಅಲ್ಲೀಗಂಟ ಗಂಡು ಬೆಕ್ಕು ಸೇರದಂಗೆ ನೋಡ್ಕಳಿ. ಹಾಲು ಕುಡಿಸ್ತಾ ಇದ್ದಂಗೇ ಮತ್ತೆ ಬಸುರಾಯ್ತವೆ."

"ಆಪರೇಷನ್ನಾ? ಬಸುರು ನಿಲ್ಸೋದು ಪಾಪ ಅಲ್ವೇನಮ್ಮ?"

"ಬಸ್ಸಲ್ಲಿ ಬುಟ್ಟೋಗೋದಕ್ಕಿಂತ್ಲಾ ಯಜಮಾನ್ರೆ?"

ಪರ್ವತಯ್ಯ ಮತ್ತೊಂದು ಸಲ ಕೈಗೆ ಸೋಪು ಹಚ್ಚಿಕೊಂಡರು. ಆಮೇಲೆ ಅಂಗಡಿಯವನ ಬುದ್ಧಿ ಎದ್ದು ಕೂತಿತು. "ಆಮೇಲೂ ಇಲಿ ಹಿಡಿಯುತ್ತಾ?"

"ಇಲಿ ಹಿಡಿಯೋದು ಕಣ್ಣಲ್ಲಿ, ಉಗುರಲ್ಲಿ. ಅವೆರಡನ್ನ ಡಾಕ್ಟ್ರು ಮುಟ್ಟಲ್ಲ ಬುಡಿ," ಎಂದಳು ಗಂಗಾಲಕ್ಷ್ಮಿ. ಜಗದಾಂಬ ಬಿದ್ದು ಬಿದ್ದು ನಕ್ಕರು. ಪರ್ವತಯ್ಯನವರೂ ನಕ್ಕು ಒಪ್ಪಿದರು. ತಾಯಿ, ಮರಿಗಳೆಲ್ಲ ಅದೇ ಕ್ರೇಟಿನಲ್ಲಿ ಪುರವರಕ್ಕೆ ಮರಳಿದವು.

ಎರಡು ತಿಂಗಳಾದ ಮೇಲೆ ಸಿರಾ ತಾಲ್ಲೂಕಿನ ತಾವರೆಕೆರೆಯಿಂದ ಹೊನ್ನಕ್ಕ ಮರಿ ಕೇಳಿಕೊಂಡು ಬಂದಳು. ಕುರಿ ಸಾಕುವ ಮನೆಯವಳು, ರಾಗಿ ಮೂಟೆಗಳಿಗೆ ಇಲಿ ಬಿದ್ದಿದ್ದವು. ಮರಿಗಳು ಹೋದರೆ ಸಾಕು ಎನ್ನುತ್ತಿದ್ದ ಪರ್ವತಯ್ಯ ಈಗ ಅವಳನ್ನು ಕೂರಿಸಿ ಪ್ರಶ್ನೆ ಹಾಕಿದರು.

"ಇಲಿ ಪಾಷಾಣ ಇಡ್ತೀಯೇನಮ್ಮ?"

"ಇಡ್ತೀವಿ ಕಣ್ ಸಾವ್ಕಾರ್ರೆ."

"ಅಂಗಾದ್ರೆ ಕೊಡಲ್ಲ. ಪಾಷಾಣ ತಿಂದ ಇಲಿ ತಿಂದ್ರೆ ಬೆಕ್ಕೂ ಸಾಯ್ತದೆ."

"ಬೆಕ್ಕು ಕೊಟ್ರೆ ಪಾಷಾಣ ಯಾಕ್ ಇಡ್ಲಿ? ಇವತ್ತೇ ತೆಗೆದು ಹೂತಾಕ್ತೀನಿ."

"ಇನ್ನಾಲ್ಕು ತಿಂಗ್ಳಿಗೆ ಆಪರೇಷನ್?"

"ಮಾಡಿಸ್ತೀನಿ."

ಕರಿದು, ಪಟ್ಟೆಯದು ಎರಡೂ ಹೊನ್ನಕ್ಕನ ಮನೆ ಸೇರಿದವು. ಬಿಳಿ ಮಚ್ಚೆಯದನ್ನು ಪಾವಗಡದ ಹೋಟೆಲಿನವರೊಬ್ಬರು ತರಿಸಿಕೊಂಡರು. ಬೂದಿಗೆ ಆಪರೇಷನ್ ಆಯಿತು, ವಾರದೊಳಗೆ ಚೇತರಿಸಿಕೊಂಡಿತು. ಕೆಂಚನನ್ನು ಕೇಳಲು ಮೂವರು ಬಂದರು. ಪರ್ವತಯ್ಯ ಮೂವರನ್ನೂ ಒಂದೊಂದು ನೆಪ ಹೇಳಿ ಸಾಗಹಾಕಿದರು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಮರಿಗಳನ್ನು ಎರಡು ತಿಂಗಳು ತಾಯಿಯ ಜೊತೆ ಬಿಡಿ. ಬೆಕ್ಕು ಗಂಡಾಗಲಿ ಹೆಣ್ಣಾಗಲಿ, ಐದಾರು ತಿಂಗಳಾಗುತ್ತಲೇ ಆಪರೇಷನ್ ಬಗ್ಗೆ ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಲಸಿಕೆ ಹಾಕಿಸಿ. ಸಾಕಲು ಆಗದಿದ್ದರೆ ನಾಲ್ಕು ಜನರನ್ನು ಕೇಳಿ, ಬಾಯಿಬಿಟ್ಟು ಕೇಳಿದರೆ ಮನೆ ಸಿಗುತ್ತದೆ.

ಒಂದು ವೇಳೆ ಈಗಾಗಲೇ ಎಲ್ಲೋ ಬಿಟ್ಟು ಬಂದಿದ್ದೀರಾ? ಹಾಗಾದರೆ ಈ ಹಾಳೆಯನ್ನು ಪಕ್ಕಕ್ಕಿಟ್ಟು ಈಗಲೇ ಹೊರಡಿ. ಎಲ್ಲಿ ಬಿಟ್ಟಿರಿ, ಎಷ್ಟು ಮರಿ ಎಂದು ಅಲ್ಲಿದ್ದವರಿಗೆ ಹೇಳಿ. ಹೇಳಿದರೆ ನಾಲ್ಕು ಜನ ನಕ್ಕಾರು, ಅಷ್ಟೇ. ಹೇಳದಿದ್ದರೆ ಒಂದು ಜೀವ ಹೋಗುತ್ತದೆ.