ಅಕ್ಕನ ಕುರ್ಚಿಯಲ್ಲಿ ಎರಡು ಸಲ

ಚೋಟುಗೆ ನಲವತ್ತೊಂದು ವರ್ಷ. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಬಿದ್ದ ಹೆಸರು, ಅಕ್ಕನಿಗಿಂತ ಒಂದು ಗೇಣು ಎತ್ತರ ಬೆಳೆದ ಮೇಲೂ ಅವಳನ್ನು ಬಿಡಲಿಲ್ಲ. ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಅಕ್ಕ ಹಲ್ಲಿನ ಡಾಕ್ಟರು. ಇಬ್ಬರೂ ಮಾತಾಡಿ ಹನ್ನೊಂದು ತಿಂಗಳಾಗಿತ್ತು.

ಅಮ್ಮ ತೀರಿಕೊಂಡ ದಿನ ಚೋಟು ಆಸ್ಪತ್ರೆಯಿಂದ ಅಕ್ಕನಿಗೆ ನಾಲ್ಕು ಸಲ ಫೋನ್ ಮಾಡಿದ್ದಳು. ಅಕ್ಕ ಎತ್ತಲಿಲ್ಲ. ಬಂದಾಗ ಎಲ್ಲ ಮುಗಿದಿತ್ತು. ಪೇಷೆಂಟಿನ ಬಾಯಲ್ಲಿ ಕೈಯಿತ್ತು, ಹೇಗೆ ಎತ್ತಲಿ ಎಂದಿದ್ದಳು. ಚೋಟು ಅದಕ್ಕೆ ಹೇಳಿದ್ದು ಒಂದೇ ಮಾತು: ಅಮ್ಮ ಕೊನೆಯವರೆಗೂ ‘ದೊಡ್ಡವಳು ಬಂದಳಾ’ ಅಂತಲೇ ಕೇಳುತ್ತಿದ್ದಳು. ಚೋಟು ಹಾಗೆ ಹೇಳಿದ್ದನ್ನು ಚಿಕ್ಕಮ್ಮನೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅಲ್ಲಿಗೆ ಅಕ್ಕತಂಗಿಯರ ಮಾತು ನಿಂತಿತು.

ಆಮೇಲಿನ ದಿನಗಳು ಹೇಗೆ ಕಳೆದವು ಎಂದರೆ ಚೋಟು ಹೇಳಲಾರಳು. ಅಳಲಿಲ್ಲ. ಎದ್ದಳು, ಕೆಲಸಕ್ಕೆ ಹೋದಳು, ಬಂದಳು, ಟಿವಿ ಹಾಕಿಕೊಂಡು ಕೂತಳು. ಅಡುಗೆಗೆ ಉಪ್ಪು ಬಿದ್ದಿಲ್ಲವೆಂದು ಗಂಡ ಹೇಳಿದಾಗಲೇ ಅವಳಿಗೂ ಗೊತ್ತಾಗುತ್ತಿದ್ದದ್ದು.

ಹಲ್ಲಿನ ಕಥೆಯೂ ಹಾಗೇ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ಆರು ವರ್ಷದ ಹಿಂದೆ, ಬೇರೆ ಊರಲ್ಲಿದ್ದಾಗ, ಯಾರೋ ಡಾಕ್ಟರು ರೂಟ್ ಕೆನಾಲ್ ಮಾಡಿದ್ದರು. ಈಗ ಅದರ ಬುಡದ ವಸಡಿನಲ್ಲಿ ಜೋಳದ ಕಾಳಿನಷ್ಟು ಗುಳ್ಳೆ ಎದ್ದಿತ್ತು. ನೋವಿಲ್ಲ. ಒತ್ತಿದರೆ ಕೀವು. ಎರಡು ತಿಂಗಳು ಒತ್ತಿ ಒತ್ತಿ ಉಗುಳಿದಳು. ಕೊನೆಗೆ ಗಂಡನೇ ಎಳೆದುಕೊಂಡು ಹೋಗಿ ಮನೆ ಹತ್ತಿರದ ಡಾಕ್ಟರಿಗೆ ತೋರಿಸಿದ. ಬೇರಿನೊಳಗೆ ಸೋಂಕು ಉಳಿದಿದೆ, ಬರೀ ಔಷಧಿ ನೀರಿಗೆ ಬಗ್ಗುವ ಹಾಗೆ ಕಾಣುವುದಿಲ್ಲ, ಲೇಸರ್ ಇರುವ ಕಡೆ ಒಮ್ಮೆ ನೋಡಿ, ಇಲ್ಲವಾದರೆ ಕೀಳಿಸಿಬಿಡಿ ಎಂದರು ಅವರು. ಊರಲ್ಲಿ ಲೇಸರ್ ಇದ್ದದ್ದು ಅಕ್ಕನ ಹತ್ತಿರ ಮಾತ್ರ.

ಹೋಗಲೋ ಬೇಡವೋ ಎಂದು ಚೋಟು ತಲೆ ಕೆಡಿಸಿಕೊಳ್ಳಲಿಲ್ಲ. ಗಂಡ ಫೋನ್ ಮಾಡಿ ಸಮಯ ಕೇಳಿದ. ಇವಳು ಹೋದಳು.

ಅಕ್ಕ ಬಾ ಎಂದಳು, ಕೂತ್ಕೋ ಎಂದಳು. ಸೂಜಿ ಚುಚ್ಚಿದಳು. ಐದು ನಿಮಿಷಕ್ಕೆ ಅರ್ಧ ತುಟಿ, ಅರ್ಧ ನಾಲಿಗೆ ಬೇರೆ ಯಾರದೋ ಅನ್ನಿಸಿತು. ನೋವಾದರೆ ಎಡಗೈ ಎತ್ತು ಎಂದು ಹೇಳಿ, ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು, ಬೇರಿನೊಳಗೆ ಹಿಂದೆ ತುಂಬಿದ್ದನ್ನೆಲ್ಲ ಕೆರೆದು ತೆಗೆದಳು. ಔಷಧಿ ನೀರು ಹಾಯಿಸಿದಾಗ ಈಜುಕೊಳದ ವಾಸನೆ ಬಂತು. ಆಮೇಲೆ ನರ್ಸನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಲೇಸರಿನಿಂದ ಕಣ್ಣು ಕಾಯಲು ತಂಗಿಗೊಂದು ಹಸಿರು ಕನ್ನಡಕ ಹಾಕಿ ತಾನೂ ಒಂದು ಹಾಕಿಕೊಂಡಳು. ತನಗೆ ಹಾಕಿದ್ದರ ಬಲಗಡೆಯ ಸ್ಕ್ರೂ ಸಡಿಲವಾಗಿದೆ ಎಂಬುದು ಚೋಟುಗೆ ಆಗಲೇ ಗೊತ್ತಾಯಿತು.

ಲೇಸರಿನ ಬೆಳಕು ಹಾಯುವ, ಕೂದಲಿನಂಥ ಒಂದು ಎಳೆ. ಅದನ್ನು ಬೇರಿನ ತುದಿಯ ಹತ್ತಿರದವರೆಗೆ ಇಳಿಸಿ, ತಿರುಗಿಸುತ್ತಾ ನಿಧಾನಕ್ಕೆ ಮೇಲೆ ಎಳೆಯುವುದು. ನೀರು ಮುಟ್ಟದ ಸಂದಿಯಲ್ಲಿ ಕೂತ ಕ್ರಿಮಿಗಳನ್ನು ಆ ಬೆಳಕು ಸುಡುತ್ತದೆ. ಒಂದೊಂದು ಬೇರಿಗೂ ನಾಲ್ಕು ಸಲ. ಯಂತ್ರ ಸಣ್ಣಗೆ ಕೂಗುತ್ತಿತ್ತು.

ಮೊದಲ ಬೇರು ಮುಗಿಸಿ ಅಕ್ಕ ಕೈ ನಿಲ್ಲಿಸಿದಳು.

“ಆವತ್ತು ಈ ಕುರ್ಚೀಲಿ ಪೇಷೆಂಟ್ ಯಾರೂ ಇರ್ಲಿಲ್ಲ ಕಣೇ.”

ಚೋಟುವಿನ ಬಾಯಿ ತೆರೆದೇ ಇತ್ತು.

“ಟೀ ಕುಡೀತಾ ಕೂತಿದ್ದೆ. ನಿನ್ನ ಹೆಸರು ನೋಡ್ದೆ. ದಿನಾ ಮಾಡ್ತಿದ್ದೆಯಲ್ಲ, ಅಮ್ಮ ಮಾತ್ರೆ ನುಂಗ್ಲಿಲ್ಲ, ಅಮ್ಮ ಮುಖ ತಿರುಗಿಸ್ಕೊಂಡ್ಳು ಅಂತ. ಇವತ್ತೂ ಅದೇ ಅಂದ್ಕೊಂಡೆ. ಫೋನ್ ಮಗುಚಿ ಇಟ್ಟೆ.”

ಚೋಟುವಿನ ಎಡಗೈ ಮೇಲೆದ್ದಿತು.

“ನೋವಾಯ್ತಾ?”

ಯಾಕೆ ಎತ್ತಿದೆನೆಂದು ಅವಳಿಗೇ ತಿಳಿಯಲಿಲ್ಲ. ಸಿಟ್ಟು ಬರುತ್ತದೆಂದು ಕಾದಳು. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೈ ಇಳಿಸಿ, ಮಾಡು ಮಾಡು ಎಂಬಂತೆ ಬೆರಳಾಡಿಸಿದಳು. ಅಕ್ಕ ಉಳಿದ ಬೇರುಗಳಿಗೂ ಬೆಳಕು ಹಾಯಿಸಿ, ಮದ್ದು ಇಟ್ಟು ಮುಚ್ಚಿ, ಎರಡು ವಾರ ಬಿಟ್ಟು ಬಾ ಎಂದಳು.

ಎರಡು ವಾರಕ್ಕೆ ಗುಳ್ಳೆ ಬತ್ತಿತು. ಒತ್ತಿದರೆ ಏನೂ ಬರುತ್ತಿರಲಿಲ್ಲ. ಈ ಸಲ ಅಕ್ಕ ಸೂಜಿ ತೆಗೆದುಕೊಳ್ಳುವ ಮೊದಲೇ ಚೋಟು ಬಾಯಿಬಿಟ್ಟಳು.

“ಅಮ್ಮ ನಿನ್ನ ಕೇಳ್ಲಿಲ್ಲ ಅಕ್ಕ. ಯಾರನ್ನೂ ಕೇಳ್ಲಿಲ್ಲ. ಬೆಳಗ್ಗೆಯಿಂದ್ಲೇ ಎಚ್ಚರ ಇರ್ಲಿಲ್ಲ. ಅದು ನಾನೇ ಹುಟ್ಟಿಸಿ ಹೇಳಿದ್ದು.”

ಅಕ್ಕ ಸ್ಟೂಲಿನ ಮೇಲೆ ಕೂತಳು. ಗ್ಲೌಸ್ ಕಳಚಿ ಮಡಿಲಲ್ಲಿ ಇಟ್ಟುಕೊಂಡಳು.

“ಇಷ್ಟು ದಿನ ಅದನ್ನ ಹೊತ್ಕೊಂಡು ತಿರುಗಿದ್ದೀನಿ ನಾನು,” ಎಂದಳು.

“ಗೊತ್ತು.”

ಅಕ್ಕ ಎದ್ದು ಬೇರೆ ಗ್ಲೌಸ್ ಹಾಕಿಕೊಂಡು, ಸೂಜಿ ಚುಚ್ಚಿ, ಬೇರುಗಳನ್ನು ತುಂಬಿ ಎಕ್ಸ್‌ರೇ ತೆಗೆದಳು. ತುದಿಯವರೆಗೂ ಬಿಳಿ ಗೆರೆ ಇಳಿದಿದ್ದನ್ನು ತೋರಿಸಿದಳು. ಬೇರಿನ ಕೆಳಗಿನ ಕಪ್ಪು ನೆರಳಿನ ಜಾಗದಲ್ಲಿ ಮೂಳೆ ತುಂಬಿಕೊಳ್ಳಲು ಆರು ತಿಂಗಳಾದರೂ ಬೇಕು, ಆಗ ಬಾ ಎಂದಳು. ಬಾಗಿಲ ತನಕ ಬಂದು, ಅದು ಸುಳ್ಳೆಂದು ಚಿಕ್ಕಮ್ಮನಿಗೆ ನೀನೇ ಹೇಳಬೇಕು ಎಂದಳು. ಚೋಟು ಹೂಂ ಎಂದಳು.

ಬಸ್ ಸ್ಟಾಪಿನಲ್ಲಿ ನಿಂತು ಚಿಕ್ಕಮ್ಮನಿಗೆ ಫೋನ್ ಮಾಡಿದಳು. ನಾಲಿಗೆ ತೊದಲುತ್ತಿತ್ತು. ಪೂರ್ತಿ ಕೇಳಿಸಿಕೊಂಡ ಚಿಕ್ಕಮ್ಮ, ಹಾಡಹಗಲೇ ಏನಾದರೂ ಕುಡಿದಿದ್ದೀಯಾ ಎಂದು ವಿಚಾರಿಸಿದಳು. ಇಲ್ಲ, ಹಲ್ಲಿಗೆ ಸೂಜಿ ಹಾಕಿದ್ದಾರೆ ಎಂದು ಹೇಳಿ, ಚೋಟು ಮತ್ತೆ ಮೊದಲಿಂದ ಶುರು ಮಾಡಿದಳು.